ಮನೆತನದ ಕೇಜಿ

ಕೋಪ ಮಾಡಿಕೊಳ್ಳುವುದು ಆ ಮನೆಯಲ್ಲಿ ಒಬ್ಬರದೇ ಹಕ್ಕಾಗಿತ್ತು. ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಅವರು ಆಫೀಸು ಕೋಣೆಯಿಂದ ಒಮ್ಮೆ ಗದರಿದರೆ ಹಿಂದಿನ ಶೆಡ್ಡಿನಲ್ಲಿ ಲೇತಿನ ಮುಂದೆ ನಿಂತವನೂ ಮಿಷನ್ ನಿಲ್ಲಿಸುತ್ತಿದ್ದ. ಸೊಸೆಗೂ ಕೋಪ ಬರುತ್ತಿತ್ತು, ಬರುವುದಿಲ್ಲ ಅಂದವರ್ಯಾರು? ಆದರೆ ಇಪ್ಪತ್ನಾಲ್ಕು ವರ್ಷದಿಂದ ಅವಳು ಅದನ್ನೆಲ್ಲ ಒಂದು ಹಿತ್ತಾಳೆಯ ತೂಕದ ಬಟ್ಟಿನ ಮೇಲೆ ತೀರಿಸಿಕೊಂಡು ಬಂದಿದ್ದಳು. ಪ್ರತಿ ಸೋಮವಾರ ಬೆಳಿಗ್ಗೆ ಗಾಜಿನ ಪೆಟ್ಟಿಗೆಯಿಂದ ಆ ಒಂದು ಕೇಜಿ ಬಟ್ಟನ್ನು ತೆಗೆದು, ಬೂದಿಗೆ ಇಟ್ಟಿಗೆ ಪುಡಿ ಬೆರೆಸಿ, ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಫಳಫಳ ಹೊಳೆಯುವ ಹಾಗೆ ಮಾಡಿ ಇಡುವುದು ಆ ಮನೆಯ ಸೊಸೆಯ ಕೆಲಸ. ಕೆಲಸ ಅಂದರೆ ಮಾವನಿಗೆ ಸಿಟ್ಟು, ಅದು ಗೌರವವಂತೆ. ಅವಳಿಗಿಂತ ಮೊದಲು ಅತ್ತೆ ಉಜ್ಜುತ್ತಿದ್ದರು, ಅತ್ತೆಗಿಂತ ಮೊದಲು ಅತ್ತೆಯ ಅತ್ತೆ.

ತೂಕದ ಸಾಮಾನು ಮಾಡುವುದು ಆ ಮನೆಯವರ ಕಸುಬು. ಮಾವನ ಅಪ್ಪ ತಗಡಿನ ಶೆಡ್ಡಿನಲ್ಲಿ ಕೂತು ಕೈತಕ್ಕಡಿ ಮಾಡುತ್ತಿದ್ದವರು. ಮಾವ ದೊಡ್ಡವರಾದ ಮೇಲೆ, ತಕ್ಕಡಿಯ ಕಾಲ ಮುಗಿಯಿತು ಅಂತ ಎರಕದ ಕುಲುಮೆ ಹಾಕಿ, ಅಂಗಡಿಯ ಮೇಜಿನ ಮೇಲಿಡುವ ತೂಕದ ಯಂತ್ರವನ್ನೂ ಅದಕ್ಕೆ ಬೇಕಾದ ಕಬ್ಬಿಣದ ಬಟ್ಟುಗಳನ್ನೂ ಮಾಡತೊಡಗಿದರು. ಅದಕ್ಕೆ ಮುದುಕ ಒಂದು ವರ್ಷ ಮಗನ ಜೊತೆ ಮಾತು ಬಿಟ್ಟಿದ್ದನಂತೆ. ಆ ಕಥೆಯನ್ನು ಮಾವ ನೂರು ಸಲ ಹೇಳಿ ನಗುತ್ತಿದ್ದರು. ಈಗ ಮೊಮ್ಮಗಳು, ಸೊಸೆಯ ಮಗಳು, ಕಬ್ಬಿಣದ ಬಟ್ಟಿನ ಕಾಲವೂ ಮುಗಿಯಿತು ತಾತ, ಇನ್ನು ಎಲೆಕ್ಟ್ರಾನಿಕ್ ಮಿಷನ್ ಮಾಡೋಣ ಅಂದಾಗ ಮಾತ್ರ ಅವರಿಗೆ ನಗು ಬರಲಿಲ್ಲ. ಅವರೂ ಎಂಟು ತಿಂಗಳು ಅವಳ ಜೊತೆ ಮಾತು ಬಿಟ್ಟರು. ಕೊನೆಗೆ ಕುಲುಮೆ ವಾರಕ್ಕೆ ಒಂದೇ ದಿನ ಉರಿಯುವ ಸ್ಥಿತಿ ಬಂದ ಮೇಲೆ ಹಲ್ಲು ಕಚ್ಚಿಕೊಂಡು ಒಪ್ಪಿದರು.

ಇಷ್ಟೆಲ್ಲ ಬದಲಾದರೂ ಆ ಹಿತ್ತಾಳೆ ಕೇಜಿ ಮಾತ್ರ ಬದಲಾಗಲಿಲ್ಲ. ಮಾವನ ಅಪ್ಪ ಕಸುಬು ಶುರುಮಾಡಿದ ದಿನ ತಂದದ್ದು ಅದು. ಅಲ್ಲಿ ತಯಾರಾದ ಪ್ರತಿಯೊಂದು ಬಟ್ಟನ್ನೂ ಅದರ ಎದುರು ತೂಗಿಯೇ ಹೊರಗೆ ಬಿಡುತ್ತಿದ್ದರು. ಪರೀಕ್ಷೆಗೆ ಬಂದ ಅಧಿಕಾರಿಗಳೂ, ‘ನಿಮ್ಮ ಮನೆ ಬಟ್ಟನ್ನ ನಾವು ಪರೀಕ್ಷೆ ಮಾಡೋದಾ?’ ಅಂತ ಚಹಾ ಕುಡಿದು ಮುದ್ರೆ ಒತ್ತಿ ಹೋಗುತ್ತಿದ್ದರು. “ನಮ್ಮ ಬಟ್ಟು ಹೋದ ಅಂಗಡಿ ಉದ್ಧಾರ ಆಗದೆ ಇಲ್ಲ,” ಅನ್ನುವುದು ಮಾವನ ಬಾಯಲ್ಲಿ ದಿನಕ್ಕೊಂದು ಸಲವಾದರೂ ಬರುವ ಮಾತು.

ಆ ಸೋಮವಾರ ಸೊಸೆ ಬಟ್ಟನ್ನು ಉಜ್ಜಿ, ಒರೆಸಿ, ಮಗಳ ಮೇಜಿನ ಮೇಲೆ ಇಟ್ಟಳು. ಹೊಸ ಮಿಷನ್‌ಗಳಲ್ಲಿ ಮೊದಲ ಐದು ತಯಾರಾಗಿದ್ದವು. ಮಧ್ಯಾಹ್ನ ಡೀಲರ್ ನೋಡಲು ಬರುವವನಿದ್ದ; ಅವನು ಒಪ್ಪಿದರೆ ಕಾರ್ಖಾನೆ ಎರಡು ವರ್ಷ ಉಸಿರಾಡಬಹುದಿತ್ತು. ಮನೆಯ ಕೇಜಿಯನ್ನು ಹೊಸ ಮಿಷನ್ ಮೇಲೆ ಇಟ್ಟು ಶುಭಾರಂಭ ಮಾಡಬೇಕು ಅನ್ನುವುದು ಮಾವನ ಆಸೆ. ಮಗಳು ಇಟ್ಟಳು. ನೋಡಿದಳು. ತೆಗೆದು ಎರಡನೆಯದರ ಮೇಲೆ ಇಟ್ಟಳು. ಐದೂ ಮುಗಿದ ಮೇಲೆ ತಾತನ ಕಡೆ ತಿರುಗಿದಳು.

“ತಾತ, ನಿಮ್ಮ ಕೇಜಿ ಒಂಬೈನೂರ ಎಂಬತ್ತೇಳು ಗ್ರಾಂ ಇದೆ.”

“ನಿನ್ನ ಮಿಷನ್‌ಗೆ ತಲೆ ಕೆಟ್ಟಿದೆ.”

“ಐದೂ ಅದನ್ನೇ ಹೇಳ್ತಿವೆ.”

“ಹಾಗಾದ್ರೆ ಐದಕ್ಕೂ ತಲೆ ಕೆಟ್ಟಿದೆ.”

ಮಗಳು ಮಾತು ಬೆಳೆಸಲಿಲ್ಲ. ಪ್ರಯೋಗಾಲಯದಿಂದ ಮುದ್ರೆ ಹಾಕಿಸಿ ತರಿಸಿದ್ದ ಉಕ್ಕಿನ ಕೇಜಿಯನ್ನು ಇಟ್ಟಳು. ಐದರಲ್ಲೂ ಸರಿಯಾಗಿ ಸಾವಿರ. ಹಿರಿಯ ಫಿಟ್ಟರ್, ಮೂವತ್ತು ವರ್ಷದಿಂದ ಅಲ್ಲಿದ್ದವನು, ಯಾರೂ ಹೇಳದಿದ್ದರೂ ಅಟ್ಟದಿಂದ ಹಳೆಯ ಕೈತಕ್ಕಡಿ ಇಳಿಸಿಕೊಂಡು ಬಂದ. ಒಂದು ತಟ್ಟೆಯಲ್ಲಿ ಉಕ್ಕಿನದು, ಇನ್ನೊಂದರಲ್ಲಿ ಹಿತ್ತಾಳೆಯದು. ಹಿತ್ತಾಳೆಯ ತಟ್ಟೆ ನಿಧಾನವಾಗಿ ಮೇಲೆದ್ದು ನಿಂತಿತು. ಆ ತಕ್ಕಡಿಗೆ ಕರೆಂಟೂ ಇಲ್ಲ, ಕೆಡುವುದಕ್ಕೆ ತಲೆಯೂ ಇಲ್ಲ.

“ಯಾರು ಉಜ್ಜಿದ್ದು ಇದನ್ನ?” ಅಂದರು ಮಾವ.

ಎಲ್ಲರೂ ಸೊಸೆಯ ಕಡೆ ನೋಡಿದರು.

“ನಾನೇ ಮಾವ. ನೀವು ಹೇಳಿದ್ದಕ್ಕೆ ಉಜ್ಜಿದ್ದು.”

“ಉಜ್ಜು ಅಂದೆ. ತಿಕ್ಕಿ ತಿಂದುಹಾಕು ಅಂದ್ನಾ? ನಮ್ಮಪ್ಪನ ಬಟ್ಟನ್ನೇ ಸವೆಸಿಬಿಟ್ಟೆಯಲ್ಲೇ!”

ನೋಡಿ ಹೇಗಿದೆ! ಅರವತ್ತು ವರ್ಷ, ಮೂರು ಹೆಂಗಸರು, ವಾರಕ್ಕೊಮ್ಮೆ ಇಟ್ಟಿಗೆ ಪುಡಿ. ಸವೆಯದೆ ಇನ್ನೇನಾಗುತ್ತದೆ? ಬೇರೆ ಯಾವ ಕಾರ್ಖಾನೆಯಲ್ಲಾದರೂ ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು ಮರೆಯುತ್ತಿದ್ದರು, ಅದು ಚೆನ್ನಾಗಿಯೇ ಇರುತ್ತಿತ್ತು. ಇವರು ತಲೆಯ ಮೇಲೆ ಹೊತ್ತು ಮೆರೆಸಿದರು, ಅದಕ್ಕೇ ಹಾಳಾಯಿತು. ತಪ್ಪು ಮಾತ್ರ ಸೊಸೆಯದು. ಅವಳ ಗಂಡ ಅಲ್ಲೇ ಬಾಗಿಲ ಬಳಿ ನಿಂತಿದ್ದ. “ಹೋಗ್ಲಿ ಬಿಡಿ ಅಪ್ಪ. ಅವಳದೂ ತಪ್ಪಲ್ಲ, ನಿಮ್ಮದೂ ತಪ್ಪಲ್ಲ,” ಅಂತ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಮದುವೆಯಾದಾಗಿನಿಂದ ಆ ದೀಪ ಅವಳ ಕಡೆಗೆ ಬೆಳಕು ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ.

ಮಾವ ಮೊಮ್ಮಗಳಿಗೆ ಬೆರಳು ತೋರಿಸಿದರು. “ಡೀಲರ್ ಬರೋದ್ರೊಳಗೆ ಐದೂ ಮಿಷನ್ನ ನಮ್ಮ ಕೇಜಿಗೆ ಹೊಂದಿಸು. ನಮ್ಮ ಬಟ್ಟು ಇಟ್ರೆ ಸಾವಿರ ತೋರಿಸ್ಬೇಕು.”

“ಮಾಡಲ್ಲ ತಾತ. ಸುಳ್ಳು ತೂಗೋ ಮಿಷನ್ನ ನಾನು ಮಾಡಲ್ಲ. ಅದೇ ಆಗ್ಬೇಕು ಅಂದ್ರೆ ನಾನಿಲ್ಲಿ ಇರೋದೂ ಇಲ್ಲ.”

“ಹಾಗಾದ್ರೆ ಡೀಲರ್‌ಗೆ ಹೇಳ್ತೀನಿ, ಹುಡುಗಿಗೆ ಕೆಲಸ ಬರಲ್ಲ, ಮಿಷನ್ ಕೆಡಿಸಿಟ್ಟಿದ್ದಾಳೆ ಅಂತ. ಊರೆಲ್ಲ ಅದನ್ನೇ ಹೇಳ್ತೀನಿ!”

ಈ ದನಿಯನ್ನು ಸೊಸೆ ಹಿಂದೆ ಒಮ್ಮೆ ಕೇಳಿದ್ದಳು. ಇದೇ ಕೋಣೆ, ಇದೇ ಬೆರಳು. ಹದಿನೈದು ವರ್ಷದ ಹಿಂದೆ. ಎದುರು ನಿಂತಿದ್ದವನು ಸೀಸದಣ್ಣ.

ಸೀಸ ಕಾಯಿಸಿ ಸುರಿಯುವವನಾದ್ದರಿಂದ ಅವನನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ಕಬ್ಬಿಣದ ಬಟ್ಟಿನ ತಳದಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ತೂಕ ಸರಿಹೋಗುವವರೆಗೂ ಅದಕ್ಕೆ ಸೀಸ ಸುರಿದು, ಮೇಲೆ ಮನೆಯ ಮುದ್ರೆ ಒತ್ತುತ್ತಾರೆ. ಅವನು ಒಂದು ದಿನ ಮಾವನ ಮುಂದೆ ನಿಂತು, “ದೊಡ್ಡೋರೇ, ಅಚ್ಚು ಅದೇ, ತೂತು ಅದೇ. ಮೊದಲು ಅಂಚಿನವರೆಗೂ ಸೀಸ ಕುಡೀತಿದ್ದ ಬಟ್ಟು ಈಗ ಅರ್ಧ ಉಗುರಿನಷ್ಟು ಖಾಲಿ ಇರುವಾಗ್ಲೇ ತೂಕ ಸರಿಹೋಗ್ತಿದೆ. ನಮ್ಮ ಹಿತ್ತಾಳೆ ಕೇಜಿಯನ್ನ ಒಂದ್ಸಲ ಎಲ್ಲಾದ್ರೂ ತೂಗಿಸಿ ನೋಡಿ,” ಅಂದಿದ್ದ. ಅಷ್ಟೇ ಅವನು ಅಂದದ್ದು. ಮಾವನ ಕೋಪ ನೆತ್ತಿಗೇರಿತು. “ನಮ್ಮಪ್ಪನ ಬಟ್ಟು ಸುಳ್ಳು ಅಂತೀಯೇನೋ? ಸೀಸ ಕದ್ದು ಮಾರ್ಕೊಂಡು, ತೂತು ತುಂಬ್ತಿಲ್ಲ ಅಂತ ಕಥೆ ಕಟ್ತೀಯಾ?” ಅಂದರು. ಕದ್ದಿದ್ದರೆ ಅವನೇ ಬಂದು ತೂತು ತೋರಿಸುತ್ತಿದ್ದನೇ ಅನ್ನುವಷ್ಟು ಬುದ್ಧಿ ಅಲ್ಲಿ ಯಾರಿಗೂ ಓಡಲಿಲ್ಲ. ಅವತ್ತೇ ಅವನನ್ನು ಗೇಟಿನಿಂದ ಹೊರಗೆ ಹಾಕಿದರು.

ಆದರೆ ಉಳಿದ ಸೀಸ ಎಲ್ಲಿತ್ತು ಅನ್ನುವುದು ಒಬ್ಬಳಿಗೆ ಗೊತ್ತಿತ್ತು. ಆಗ ಸಾಮಾನಿನ ಕೋಣೆ ನೋಡಿಕೊಳ್ಳುತ್ತಿದ್ದವಳು ಸೊಸೆ. ಪ್ರತಿ ಶನಿವಾರ ಉಳಿದ ಸೀಸದ ಗಟ್ಟಿಗಳನ್ನು ಸೀಸದಣ್ಣ ಅವಳ ಕೈಗೇ ತಂದು ಕೊಡುತ್ತಿದ್ದ, ಅವಳು ಕೆಳಗಿನ ಹಲಗೆಯ ಮೇಲೆ ಜೋಡಿಸುತ್ತಿದ್ದಳು. ಅವತ್ತು ಅವಳು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅತ್ತೆ ಹಿಂದಿನಿಂದ ಭುಜ ಹಿಡಿದು, “ಗಂಡಸರ ಮಾತು, ಸುಮ್ಮನಿರು,” ಅಂದರು. ಸುಮ್ಮನಿದ್ದಳು. ಮರುವಾರ ಹಿತ್ತಾಳೆ ಕೇಜಿಯನ್ನು ಎರಡು ಪಟ್ಟು ಜೋರಾಗಿ ಉಜ್ಜಿದಳು, ಅಷ್ಟೇ ಅವಳ ಶೌರ್ಯ.

ಅವತ್ತು ಅವನನ್ನು ಕಳ್ಳ ಮಾಡಿದರು. ಈಗ ತನ್ನ ಮಗಳನ್ನು ದಡ್ಡಿ ಮಾಡುತ್ತಾರೆ. ಇವತ್ತೂ ಸುಮ್ಮನಿದ್ದರೆ ತಾನು ಮನುಷ್ಯಳೇ ಅಲ್ಲ ಅಂದುಕೊಂಡಳು.

ಡೀಲರ್ ಮೂರೂವರೆಗೆ ಬಂದ. ಅವನ ಅಪ್ಪನೂ ಇವರ ಮಾಲನ್ನೇ ಮಾರಿದವನು. ಕುರ್ಚಿಯಲ್ಲಿ ಆರಾಮಾಗಿ ಕೂತು, ಚಹಾ ತೆಗೆದುಕೊಂಡು, ಮಿಷನ್‌ನ ಬೆನ್ನು ತಟ್ಟಿ, “ಚೆನ್ನಾಗಿದೆ, ಮೊಮ್ಮಗಳು ಗಟ್ಟಿಗಿತ್ತಿ,” ಅಂದ. ಮಾವ ಗಂಟಲು ಸರಿಮಾಡಿಕೊಂಡು ಏನೋ ಶುರುಮಾಡುವುದರೊಳಗೆ ಸೊಸೆ ಮುಂದೆ ಬಂದು ಹಿತ್ತಾಳೆ ಕೇಜಿಯನ್ನು ಮಿಷನ್ ಮೇಲೆ ಕುಕ್ಕಿದಳು.

“ನೋಡಿ. ಇದು ನಮ್ಮ ಮನೆ ಕೇಜಿ. ಹದಿಮೂರು ಗ್ರಾಂ ಕಡಿಮೆ ಇದೆ. ಮಿಷನ್ ಸರಿಯಾಗಿದೆ, ನನ್ನ ಮಗಳೂ ಸರಿಯಾಗಿದ್ದಾಳೆ. ಸುಳ್ಳಾಗಿರೋದು ಇದು.”

“ಏಯ್!” ಅಂದರು ಮಾವ. ಗಂಡ ಅವಳ ಸೆರಗು ಹಿಡಿದು ಎಳೆದ. ಅವಳು ಅವನ ಕೈಯನ್ನು ಕೊಡವಿ ಹಾಕಿದಳು.

ಡೀಲರ್ ಬಗ್ಗಿ ಅಂಕಿ ನೋಡಿದ. ನೋಡಿ ನಕ್ಕ.

“ಹದಿಮೂರೇನಾ? ನಾನು ಹದಿನೈದಾದ್ರೂ ಇರುತ್ತೆ ಅಂದ್ಕೊಂಡಿದ್ದೆ.”

ಅವನು ಲೋಟ ಕೆಳಗಿಟ್ಟು ಮಾವನ ಕಡೆ ತಿರುಗಿದ. “ಅಯ್ಯೋ, ಯಾಕೆ ದೊಡ್ಡೋರೇ ಹಾಗೆ ನೋಡ್ತೀರಿ? ನಮ್ಮಪ್ಪನ ಕಾಲದಿಂದ ಎಲ್ಲರಿಗೂ ಗೊತ್ತಿರೋದೇ ಅಲ್ವಾ? ಅಂಗಡಿಯೋರು ನಿಮ್ಮ ಬಟ್ಟೇ ಬೇಕು ಅಂತ ಹಟ ಹಿಡಿಯೋದು ಮತ್ಯಾಕೆ, ಅದರ ಅಂದ ನೋಡಿಯಾ? ಕೇಜಿಗೊಂದು ಹಿಡಿ ಅವರ ಚೀಲದಲ್ಲೇ ಉಳಿಯುತ್ತಲ್ಲ! ಮುದ್ರೆ ದೊಡ್ಡ ಮನೆದು, ಯಾರೂ ಕೇಳಲ್ಲ. ಈ ಮಿಷನ್‌ನಲ್ಲೂ ಅದೇ ಕೇಜಿ ಇಟ್ಟು ಕೊಡಿ, ಇವತ್ತೇ ಆರ್ಡರ್ ಬರೀತೀನಿ. ಸರಿ ತೂಗೋ ಮಿಷನ್ ಬೇಕು ಅಂದ್ರೆ ಯಾರ ಹತ್ರ ಬೇಕಾದ್ರೂ ಸಿಗುತ್ತೆ, ನಿಮ್ಮ ಹತ್ರ ಯಾಕೆ ಬರ್ಬೇಕು?”

ಮಾವನ ಮುಖ ನೋಡುವ ಹಾಗಿರಲಿಲ್ಲ. ನಮ್ಮ ಬಟ್ಟು ಹೋದ ಅಂಗಡಿ ಉದ್ಧಾರವಾಗುತ್ತದೆ ಅಂತ ಎದೆ ತಟ್ಟಿಕೊಂಡಿದ್ದ ಮನುಷ್ಯ. ಉದ್ಧಾರ ಹೇಗಾಯಿತು ಅಂತ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಅವರ ಜೀವಮಾನದ ಕೋಪವೆಲ್ಲ ಒಂದೇ ಸಲ ಹೊರಗೆ ಬಂದಂತೆ ಬಂತು ಕೂಗು.

“ಎದ್ದೇಳೋ ಮೇಲೆ! ಎದ್ದೇಳು! ನನ್ನ ಅಪ್ಪನ ಹೆಸರಲ್ಲಿ ಜನರಿಗೆ ಟೋಪಿ ಹಾಕಿ, ನನ್ನ ಕುರ್ಚಿ ಮೇಲೆ ಕೂತು ನಗ್ತೀಯಾ? ನಿನ್ನ ಆರ್ಡರೂ ಬೇಡ, ನಿನ್ನ ಮುಖವೂ ಬೇಡ. ಗೇಟು ದಾಟು!”

ಡೀಲರ್ ಮೊದಲು ತಮಾಷೆ ಅಂದುಕೊಂಡ. ಮಾವ ಎಸೆದ ಚಹಾದ ಲೋಟ ಅವನ ಕಾಲ ಬಳಿ ಬಿದ್ದು ಚೂರಾದ ಮೇಲೆ ಎದ್ದ. “ನಿಮ್ಮ ಕರ್ಮ,” ಅಂತ ಗೊಣಗುತ್ತ ಹೋದ. ಮಾವ ಮೊಮ್ಮಗಳ ಕಡೆ ತಿರುಗದೆಯೇ, “ಮಿಷನ್ ಹೇಗಿದೆಯೋ ಹಾಗೇ ಇರ್ಲಿ. ಸರಿ ತೂಕಕ್ಕೇ ಇರ್ಲಿ,” ಅಂದರು.

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಸೊಸೆಗೆ ಮಾವನ ಮೇಲೆ ಹೆಮ್ಮೆಯೇ ಆಯಿತು. ಇಷ್ಟು ವರ್ಷದ ಸಿಟ್ಟು ಸ್ವಲ್ಪ ಇಳಿದ ಹಾಗೂ ಆಯಿತು. ಅವರ ಬಳಿ ಹೋಗಿ, ಚೂರಾದ ಗಾಜನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಮೆತ್ತಗೆ ಕೇಳಿದಳು.

“ಮಾವ, ಬನ್ನಿ. ಸೀಸದಣ್ಣನ ಮನೆಗೆ ಹೋಗ್ಬರೋಣ.”

“ಯಾಕೆ?”

“ಯಾಕೆ ಅಂತೀರಾ? ಅವನು ಹೇಳಿದ್ದೇ ನಿಜ ಆಯ್ತಲ್ಲ. ಅವನು ಕದ್ದಿರಲಿಲ್ಲ. ಉಳಿದ ಸೀಸ ವಾರವಾರ ನನ್ನ ಕೈಗೇ ಕೊಡ್ತಿದ್ದ. ನಾನು ಅವತ್ತು ಹೇಳ್ಲಿಲ್ಲ, ಇವತ್ತು ಹೇಳ್ತಿದ್ದೀನಿ. ತಪ್ಪಾಯ್ತು ಅನ್ನೋಣ ಬನ್ನಿ.”

ಮಾವ ಖಾಲಿ ಗಾಜಿನ ಪೆಟ್ಟಿಗೆಯನ್ನು ಮುಚ್ಚಿದರು.

“ಆರ್ಡರ್ ಹೋಯ್ತು, ಹೋಗ್ಲಿ. ಮಿಷನ್ ನಿಮ್ಮಿಷ್ಟದಂತೇ ಮಾಡ್ಕೊಳ್ಳಿ. ಆದ್ರೆ ಕೂಲಿಯವನ ಮನೆ ಬಾಗಿಲಲ್ಲಿ ಹೋಗಿ ನಾನು ನಿಲ್ಲಲ್ಲ. ನೀನೂ ಹೋಗ್ಬೇಡ.”

ಇಳಿದಿದ್ದ ಸಿಟ್ಟು ಹಿಂದೆಂದಿಗಿಂತ ಜೋರಾಗಿ ಏರಿತು. ಈ ಮನೆಯವರು ತಕ್ಕಡಿ ಬಿಟ್ಟರು, ಕುಲುಮೆ ಬಿಡುತ್ತಿದ್ದಾರೆ, ಕೈಗೆ ಬಂದ ಆರ್ಡರನ್ನೂ ಗಾಳಿಗೆ ತೂರಿದರು. ‘ತಪ್ಪಾಯಿತು’ ಅನ್ನುವ ಒಂದು ಮಾತಿಗೆ ಮಾತ್ರ ಇವರ ನಾಲಿಗೆ ಹೊರಳುವುದಿಲ್ಲ! ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ನಾಲ್ಕು ಬೀದಿ ಆಚೆ, ಒಬ್ಬರು ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಂಗಡಿಯಲ್ಲಿ ಸೀಸದಣ್ಣ ತೂತು ಬಿದ್ದ ಪಾತ್ರೆಗಳಿಗೆ ಬೆಸುಗೆ ಹಾಕುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಕಂಡು ಸ್ಟೂಲು ಸರಿಸಿ, “ಕೂತ್ಕೊಳ್ಳಿ ಅಮ್ಮಾ,” ಅಂದ. ಅವಳು ಕೂರಲಿಲ್ಲ. ಕೇಜಿ ಸವೆದದ್ದು, ತೂಗಿ ನೋಡಿದ್ದು, ಡೀಲರ್ ಅಂದದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. “ನೀನು ಕದ್ದಿರಲಿಲ್ಲ ಸೀಸದಣ್ಣ. ನನಗೆ ಗೊತ್ತಿತ್ತು. ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ತಪ್ಪಾಯ್ತು,” ಅಂದಳು.

ಅವನು ಕೈಯಲ್ಲಿದ್ದ ಪಾತ್ರೆಗೆ ಬೆಸುಗೆ ಮುಗಿಸಿ, ನೀರಿಗೆ ಅದ್ದಿ, ತೂತು ಮುಚ್ಚಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ತಲೆಯೆತ್ತಿದ.

“ನಾನು ಕದ್ದಿಲ್ಲ ಅನ್ನೋದು ನನಗೆ ಗೊತ್ತಿಲ್ವಾ ಅಮ್ಮಾ? ಅದನ್ನ ನನಗೆ ಹೇಳಕ್ಕೆ ಇಷ್ಟು ದೂರ ಬಂದ್ರಾ?” ಅವನ ದನಿ ಏರಲಿಲ್ಲ. “ಈ ಹದಿನೈದು ವರ್ಷ ಒಂದು ಕಾರ್ಖಾನೆಯೋರೂ ನನ್ನ ಒಳಗೆ ಬಿಟ್ಕೊಳ್ಳಲಿಲ್ಲ. ಮಗಳ ಮದುವೆ ಮಾತು ಎರಡು ಸಲ ಮುರೀತು. ಇದೇ ಬೀದಿಯಲ್ಲಿ ಇವತ್ತಿಗೂ ಪಾತ್ರೆ ಕೊಡೋರು ಪಕ್ಕದಲ್ಲೇ ನಿಂತು ಕಾಯ್ತಾರೆ, ಬಿಟ್ಟು ಹೋಗಲ್ಲ. ಗೊತ್ತಿಲ್ಲದೋರಿಗೆ ಹೋಗಿ ಹೇಳಿ. ನನಗ್ಯಾಕೆ?”

ಪಕ್ಕದಲ್ಲಿ ಪಾತ್ರೆಗೆ ಕಾಯುತ್ತಿದ್ದ ಹೆಂಗಸು ಮುಖ ಆ ಕಡೆ ತಿರುಗಿಸಿಕೊಂಡಳು. ಸೊಸೆ ಬಂದ ದಾರಿಯಲ್ಲೇ ವಾಪಸು ನಡೆದಳು, ನಡೆದಷ್ಟೂ ಕಾಲು ಬೇಗಬೇಗ ಬಿತ್ತು. ಅವಳು ಗೇಟಿನ ಬಳಿ ತಲುಪಿದಾಗ ಐದರ ಗಂಟೆ ಹೊಡೆದು, ಕೆಲಸದವರು ಕೈ ತೊಳೆದು ಊಟದ ಡಬ್ಬಿ ಹಿಡಿದು ಹೊರಗೆ ಬರುತ್ತಿದ್ದರು. ಎಲ್ಲ ಸೇರಿ ಹತ್ತೊಂಬತ್ತು ಜನ. ಮಗಳೂ ಹೊರಬಂದಿದ್ದಳು. ಗಂಡ ಬೀಗದ ಕೈ ಹಿಡಿದು ಗೇಟಿನ ಪಕ್ಕ ನಿಂತಿದ್ದ. ಅವಳು ದಾರಿಗೆ ಅಡ್ಡ ನಿಂತಳು.

“ಸ್ವಲ್ಪ ನಿಲ್ಲಿ ಎಲ್ಲರೂ. ಸೀಸದಣ್ಣ ಕಳ್ಳ ಅಲ್ಲ. ಉಳಿದ ಸೀಸ ವಾಪಸ್ ಬರ್ತಿತ್ತು. ತಗೊಳ್ತಿದ್ದಿದ್ದು ನಾನು. ಅವನನ್ನ ಹೊರಗೆ ಹಾಕ್ದಾಗ ಸುಮ್ಮನಿದ್ದಿದ್ದೂ ನಾನು.”

ಹಿರಿಯ ಫಿಟ್ಟರ್ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. “ಗೊತ್ತಿತ್ತು ಬಿಡಿ ಅಮ್ಮಾ,” ಅಂದ.

“ಏನು ಗೊತ್ತಿತ್ತು?”

“ಅವನು ಕದಿಯೋನಲ್ಲ ಅಂತ. ನಿಮ್ಮ ಕೈಗೆ ಕೊಡೋದನ್ನ ನಾವೂ ನೋಡಿದ್ವಲ್ಲ.”

“ಗೊತ್ತಿದ್ದೂ ಒಬ್ಬರೂ ಬಾಯಿ ಬಿಡ್ಲಿಲ್ವಾ? ಹದಿನೈದು ವರ್ಷ!”

“ಮನೆಯೋರು ನೀವೇ ಬಿಡ್ಲಿಲ್ಲ. ನಮ್ಮ ಹೊಟ್ಟೆಪಾಡು, ನಾವು ಬಿಡ್ತೀವಾ?”

ಅವನು ವ್ಯಂಗ್ಯಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದ. ಅದಕ್ಕೇ ಅದು ಕಪಾಳಕ್ಕೆ ಬಿಗಿದ ಹಾಗಾಯಿತು. ಅವಳಿಗೆ ಮಾವನ ಮೇಲೆ, ಸತ್ತುಹೋದ ಅತ್ತೆಯ ಮೇಲೆ, ಈ ಹತ್ತೊಂಬತ್ತು ಜನರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಕೋಪ ಬಂತು. ಉಜ್ಜಿ ತೀರಿಸಿಕೊಳ್ಳಲು ಈಗ ಕೈಗೆ ಏನೂ ಸಿಗುವಂತಿರಲಿಲ್ಲ.

“ಹಾಗಾದ್ರೆ ನಡೀರಿ,” ಅಂದಳು. “ಅವನ ಬೀದಿಗೆ. ಅಲ್ಲಿ ನಿಂತು, ಬೀದಿಯೋರೆಲ್ಲ ಕೇಳೋ ಹಾಗೆ ಹೇಳೋಣ. ನಾನು ಮೊದಲು ಹೇಳ್ತೀನಿ.”

ಹತ್ತೊಂಬತ್ತು ತಲೆಗಳೂ ಆಫೀಸಿನ ಕಿಟಕಿಯ ಕಡೆ ತಿರುಗಿದವು. ಮಾವ ಅಲ್ಲಿ ನಿಂತಿದ್ದರು, ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದು ಕ್ಷಣ ಅವರ ಕಣ್ಣು ಸೊಸೆಯ ಕಣ್ಣಿಗೆ ಸಿಕ್ಕಿತು. ಅವರು ಕಿಟಕಿಯ ಬಾಗಿಲು ಎಳೆದುಕೊಂಡರು.

ಮಗಳು ಬಂದು ಅಮ್ಮನ ಪಕ್ಕ ನಿಂತಳು. ಫಿಟ್ಟರ್ ಮುಚ್ಚಿದ ಕಿಟಕಿಯನ್ನು ನೋಡಿದ, ಅವಳನ್ನು ನೋಡಿದ, ಉಸ್ ಅಂತ ಉಸಿರು ಬಿಟ್ಟು ಹೆಜ್ಜೆ ಮುಂದಿಟ್ಟ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಹನ್ನೊಂದು ಜನ ಬಂದರು. ಎಂಟು ಜನ ನೆಲ ನೋಡುತ್ತ ಬೇರೆ ದಾರಿ ಹಿಡಿದರು. ಆ ಎಂಟು ಮುಖಗಳನ್ನೂ ಅವಳು ನೆನಪಿಟ್ಟುಕೊಂಡಳು.

ಗಂಡ ಇನ್ನೂ ಗೇಟಿನ ಬಳಿಯೇ ಇದ್ದ. ಬೀಗದ ಕೈಯನ್ನು ತಿರುಗಿಸುತ್ತ, ಅವಳ ಮುಖ ನೋಡದೆ, “ನೀವು ಹೋಗ್ಬನ್ನಿ. ನಾನು ಗೇಟು ಹಾಕ್ಬೇಕಲ್ಲ,” ಅಂದ.

“ಹಾಕ್ಕೊಳ್ಳಿ,” ಅಂದಳು ಅವಳು. “ಒಳಗಡೆಯಿಂದಾನೇ ಹಾಕ್ಕೊಳ್ಳಿ.”